ಬೊಂಬೆಯನ್ನು ನೆಲಕ್ಕೆ ಕೂರಿಸಿದ ಮೇಷ್ಟ್ರು

ನಮ್ಮ ಮೇಷ್ಟ್ರ ಜೊತೆ ಮದುವೆಗೆ ಹೋಗುವುದಾದರೆ ಮರ್ಯಾದೆಯನ್ನು ಮನೆಯಲ್ಲೇ ಬಿಟ್ಟು ಹೊರಡಬೇಕಿತ್ತು. ಉಳಿದವರೆಲ್ಲ ಹುಡುಗಿಯ ಸೀರೆ, ಹುಡುಗನ ಬಣ್ಣ, ಹೋಳಿಗೆಯ ಗಾತ್ರ ನೋಡುತ್ತಿದ್ದರೆ ಇವರು ಜನರ ಮಂಡಿ, ಮೊಣಕೈ ನೋಡುತ್ತಿದ್ದರು. ತರೀಕೆರೆಯ ಒಂದು ಛತ್ರದಲ್ಲಿ ಮದುವೆ ಗಂಡಿನ ಸೋದರಮಾವನ ಹಿಂದೆ ಹಿಂದೆಯೇ ಅಡ್ಡಾಡಿ, ಕೊನೆಗೆ ಅವರನ್ನು ನಿಲ್ಲಿಸಿ, "ಸ್ವಾಮೀ, ನಿಮ್ಮ ಮೊಣಕೈ ಬಹಳ ಚೆನ್ನಾಗೈತೆ. ಒಂದ್ಸಲ ಮಡಚಿ ನಿಧಾನಕ್ಕೆ ಬಿಡಿಸ್ತೀರಾ?" ಎಂದು ಕೇಳಿಬಿಟ್ಟರು. ಆ ಮನುಷ್ಯ ಮಡಚಿದರು. ಬಿಡಿಸಲಿಲ್ಲ. ಮುಷ್ಟಿ ಬಿಗಿಯುತ್ತಿರುವುದನ್ನು ನೋಡಿ ನಾನೇ ಮಧ್ಯೆ ನುಗ್ಗಿ, "ಇವರು ನಮ್ಮ ಮೇಷ್ಟ್ರು, ಕಂಪ್ಯೂಟರಿನಲ್ಲಿ ಮನುಷ್ಯರನ್ನ ಮಾಡ್ತಾರೆ" ಎಂದೆ. ಅದರಿಂದ ಏನಾದರೂ ಸುಧಾರಿಸಿತು ಎಂದು ಹೇಳಲಾರೆ.

ಅವರು ತರೀಕೆರೆಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ನಿವೃತ್ತರಾದ ಮೇಷ್ಟ್ರುಗಳು ಸಾಮಾನ್ಯವಾಗಿ ಎರಡು ಬಗೆ: ವಾಕಿಂಗ್ ಹೋಗುವವರು, ಸೊಸೆಯ ಅಡುಗೆಗೆ ಮಾರ್ಕ್ಸ್ ಹಾಕುವವರು. ಇವರು ಎರಡಕ್ಕೂ ಸೇರಲಿಲ್ಲ. ಹಿಟ್ಟಿನ ಗಿರಣಿಯಷ್ಟು ಸದ್ದು ಮಾಡುವ ಒಂದು ಕಂಪ್ಯೂಟರು ಕೊಂಡು, ಫೋನಿನಲ್ಲಿ ವಿಡಿಯೋ ನೋಡಿ ನೋಡಿಯೇ ತ್ರೀಡಿ ಮಾಡೆಲಿಂಗ್ ಕಲಿತು, ಕಡೂರಿನಲ್ಲಿ ಬೀಜ ಗೊಬ್ಬರದ ಅಂಗಡಿಯೊಂದರ ಮೇಲಿನ ಕೋಣೆ ಹಿಡಿದು ಸ್ಟುಡಿಯೋ ತೆರೆದರು. ಸ್ಟುಡಿಯೋ ಎಂದರೆ ಅವರು, ದೇವನೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ನಾನು, ಸಖರಾಯಪಟ್ಟಣದಿಂದ ಬರುತ್ತಿದ್ದ ನನ್ನ ಜೊತೆಗಾರ, ಮತ್ತು ಕೆಳಗಿನಿಂದ ಏರಿ ಬರುವ ಗೊಬ್ಬರದ ವಾಸನೆ.

ಅವರು ನಮ್ಮನ್ನು ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ. ನಾನು "ದೇವನೂರು", ಅವನು "ಪಟ್ಟಣ". "ಏನಮ್ಮಾ ದೇವನೂರು, ಬಸ್ಸು ಸಿಕ್ತಾ?" "ಲೇ ಪಟ್ಟಣ, ಫ್ಯಾನ್ ಹಾಕೋ." ಮೂವತ್ತು ವರ್ಷ ಹಾಜರಿ ಕರೆದು ಕರೆದು ಹೆಸರು ಅಂದರೆ ವಾಕರಿಕೆ ಬರುತ್ತದೆ ಎಂಬುದು ಅವರ ಸಮಜಾಯಿಷಿ. ಹಾಗಾಗಿ ಇಲ್ಲಿ ನಾನೂ ಅವರ ಹೆಸರು ಹೇಳುವುದಿಲ್ಲ. ಲೆಕ್ಕ ಚುಕ್ತಾ.

ಕಂಪ್ಯೂಟರಿನಲ್ಲಿ ಮನುಷ್ಯನನ್ನು ಮಾಡುವುದು ಹೇಗೆ ಎಂದು ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಮೊದಲು ಬಲೆಯ ಹಾಗೆ ಗೆರೆಗಳನ್ನು ಹೆಣೆದು ಮೈ ಮಾಡುತ್ತೇವೆ. ಒಳಗೆ ಮೂಳೆ ಇಡುತ್ತೇವೆ. ಯಾವ ಮೂಳೆ ಅಲ್ಲಾಡಿದರೆ ಯಾವ ಚರ್ಮ ಎಷ್ಟು ಎಳೆಯಬೇಕು ಎಂದು ಕಲಿಸುತ್ತೇವೆ. ಆಮೇಲೆ ಬಣ್ಣ, ಕೂದಲು, ಬಟ್ಟೆ, ಬೆಳಕು. ಇಷ್ಟೂ ಸರಿಯಾಗಿ ಮಾಡಿದರೂ ಬೊಂಬೆ ಮನುಷ್ಯನಾಗುತ್ತದೆ ಎಂಬ ಗ್ಯಾರಂಟಿ ಇಲ್ಲ. ಈ ಕೆಲಸದವರೆಲ್ಲ "ಕ್ಯಾರೆಕ್ಟರ್" ಎನ್ನುವುದನ್ನು ಮೇಷ್ಟ್ರು ಬೊಂಬೆ ಎಂದೇ ಅನ್ನುತ್ತಿದ್ದರು. "ಕ್ಯಾರೆಕ್ಟರ್ ಆಮೇಲೆ ಬತ್ತದೆ ಕಣಮ್ಮ, ಈಗಿನ್ನೂ ಬೊಂಬೆ."

ನಾನು ಕೆಲಸಕ್ಕೆ ಸೇರಿದ ದಿನ, ನನ್ನ ಜಾಣತನ ತೋರಿಸಲು ಇಂಟರ್ನೆಟ್ಟಿನಲ್ಲಿ ಸಿಕ್ಕ ರೆಡಿಮೇಡ್ ಗಂಡಸಿನ ಬೊಂಬೆಯೊಂದನ್ನು ತೆಗೆದುಕೊಂಡು ಹೋಗಿದ್ದೆ. ಲಕ್ಷಗಟ್ಟಲೆ ಪಾಲಿಗಾನು ಅಂದರೆ ಬಲೆಯ ಕಣ್ಣು, ಹಲಗೆಯಂಥ ಎದೆ, ಎಣ್ಣೆ ಸ್ನಾನ ಮಾಡಿ ಬಂದಂಥ ಮೈ. ನಡೆಸಿ ತೋರಿಸಿದೆ, ಓಡಿಸಿದೆ. ಮೇಷ್ಟ್ರು ಕನ್ನಡಕ ಮೂಗಿನ ತುದಿಗೆ ಇಳಿಸಿ, "ಎಲ್ಲಾ ಸರಿ. ಊಟಕ್ಕೆ ಕೂರ್ಸು" ಎಂದರು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಸಿ ಕೂರಿಸಲು ಹೋದೆ. ತೊಡೆ ಹೊಟ್ಟೆಯೊಳಗೆ ಹೋಯಿತು, ಸೊಂಟ ಅದುಮಿದ ಮುದ್ದೆಯಂತಾಯಿತು, ಒಂದು ಮಂಡಿ ಬೆನ್ನಿನಿಂದ ಇಣುಕಿತು.

"ಪಾಪ, ಈ ಯಪ್ಪ ಹುಟ್ಟಿದಾಗ್ಲಿಂದ ಕುರ್ಚಿ ಬಿಟ್ಟು ಇಳಿದಿಲ್ಲ" ಎಂದರು ಮೇಷ್ಟ್ರು. "ನಿಂತಾಗ ಎಲ್ಲಾರೂ ಚೆನ್ನಾಗಿರ್ತಾರೆ ಕಣಮ್ಮ. ಮನುಷ್ಯನ ಬಂಡವಾಳ ಗೊತ್ತಾಗೋದು ಕೂತು ಎದ್ದಾಗ."

ನಮ್ಮ ಸ್ಟುಡಿಯೋದ ಪರೀಕ್ಷೆ ಇದೇ ಆಯಿತು. ಯಾವ ಬೊಂಬೆಯೂ ಪಂಕ್ತಿಯಲ್ಲಿ ಕೂತು, ಒಂದು ತುತ್ತು ಉಂಡು, ಏಳದ ಹೊರತು ಪಾಸಾಗುವಂತಿರಲಿಲ್ಲ. ಮಂಡಿಯ ಸುತ್ತ ಗೆರೆ ಸಾಲದಿದ್ದರೆ ಫೇಲು. ಮುಂಗೈ ತಿರುಗಿಸಿದಾಗ ಹಿಂಡಿದ ಬಟ್ಟೆಯ ಹಾಗಾದರೆ ಫೇಲು. ಪಾದದ ಮೇಲೆ ಭಾರ ಬೀಳದೆ ನೆಲದ ಮೇಲೆ ಜಾರಿಕೊಂಡು ಹೋದರೆ, "ಇದು ದೆವ್ವ, ಹುಣಸೆ ಮರಕ್ಕೆ ಕಳ್ಸು." ಮುಖದ ಅರ್ಧ ಭಾಗ ಮಾಡಿ ಉಳಿದರ್ಧವನ್ನು ಕನ್ನಡಿಯ ಹಾಗೆ ನಕಲು ಮಾಡುವುದು ಈ ಕಸುಬಿನಲ್ಲಿ ಎಲ್ಲರೂ ಮಾಡುವ ಸುಲಭದ ದಾರಿ. ಮೇಷ್ಟ್ರು ಅದಕ್ಕೂ ಬಿಡುತ್ತಿರಲಿಲ್ಲ. "ದೇವರು ಯಾರಿಗೂ ಎರಡೂ ಕಡೆ ಒಂದೇ ಮಾಡಿಲ್ಲ. ಅಷ್ಟು ಸೋಮಾರಿ ಅಲ್ಲ ಅವ್ನು."

ಊಟದ ಹೊತ್ತಿಗೆ ಕೋಣೆಯ ಬಾಗಿಲು ಹಾಕಿ, ಪೇಪರು ಹಾಸಿ, ಮೂವರೂ ನೆಲದ ಮೇಲೆ ಕೂರುತ್ತಿದ್ದೆವು. ಮೇಷ್ಟ್ರು ಹುಟ್ಟಾ ಎಡಚರು. ಚಿಕ್ಕಂದಿನಲ್ಲಿ ಮನೆಯಲ್ಲೂ ಸ್ಕೂಲಿನಲ್ಲೂ ಹೊಡೆದು ಬಡಿದು ಬಲಗೈಗೆ ತಂದಿದ್ದರಂತೆ. ಹಾಗಾಗಿ ಬೋರ್ಡಿನ ಮುಂದೆ ಬಲಗೈ, ಮದುವೆ ಮನೆಯಲ್ಲಿ ಬಲಗೈ, ಸ್ವಂತ ಹೆಂಡತಿಯ ಮುಂದೆಯೂ ಬಲಗೈ. ನಮ್ಮ ಕೋಣೆಯಲ್ಲಿ ಡಬ್ಬಿ ಬಿಚ್ಚಿದರೆ ಮಾತ್ರ ಎಡಗೈ ಆರಾಮವಾಗಿ ಹೊರಗೆ ಬರುತ್ತಿತ್ತು. ಮೊದಮೊದಲು ನನಗೆ ಒಂದು ಥರಾ ಅನ್ನಿಸಿದ್ದು ನಿಜ. ಆಮೇಲೆ ಅದು ಕಣ್ಣಿಗೆ ಬೀಳುವುದೇ ನಿಂತುಹೋಯಿತು.

ಕೆಲಸಕ್ಕೆ ಮಾತ್ರ ಬರಗಾಲ. ಇಡೀ ಒಂದು ವರ್ಷ ನಾವು ಮದುವೆ ವಿಡಿಯೋಗಳಿಗೆ ಹಾರುವ ಹೃದಯ, ಹೂಮಳೆ ಮಾಡಿಕೊಂಡೇ ಕಾಲ ಹಾಕಿದೆವು. ಮೇಷ್ಟ್ರ ಬಾಮೈದನದು ಕಡೂರಿನಲ್ಲೇ ಸಿಮೆಂಟ್ ಅಂಗಡಿ. ಅಲ್ಲಿ ಗಲ್ಲಾದ ಮೇಲೆ ಕೂರಲು ನಂಬಿಕಸ್ತ ಜನ ಬೇಕಿತ್ತು. ಮೇಷ್ಟ್ರ ಹೆಂಡತಿ ಒಂದು ದಿನ ಕೋಣೆಗೇ ಬಂದು, ಪರದೆಯ ಮೇಲೆ ಬೋಳುತಲೆಯ ಬೊಂಬೆಯೊಂದು ಕೈ ಚಾಚಿ ನಿಂತಿದ್ದನ್ನು ನೋಡಿ, "ಏನ್ರೀ, ರಕ್ತ ಮಾಂಸದ ಮನುಷ್ಯರೂ ಮನೇಲವ್ರೆ. ಅವರ ಕಡೆನೂ ಒಂಚೂರು ನೋಡಿ. ಯುಗಾದಿವರೆಗೂ ನೋಡ್ತೀನಿ, ಆಮೇಲೆ ನೀವು ಸಿಮೆಂಟ್ ಅಂಗಡಿಗೆ, ಈ ಯಪ್ಪ ಅವನ ಮನೆಗೆ" ಎಂದು ಗಡುವು ಕೊಟ್ಟು ಹೋದರು.

ಆ ಹೊತ್ತಿಗೆ ಬಂದದ್ದು ಬೆಂಗಳೂರಿನ ಕಂಪನಿಯೊಂದರ ಕೆಲಸ. ಹಳ್ಳಿಯ ಆಸ್ಪತ್ರೆಗಳಲ್ಲಿ ತೋರಿಸಲು, ಮಂಡಿನೋವಿನ ಹೆಂಗಸರು ಹೇಗೆ ಕೂರಬೇಕು, ಹೇಗೆ ಏಳಬೇಕು, ಊಟವಾದ ಮೇಲೆ ಮಾತ್ರೆ ಹೇಗೆ ತಗೋಬೇಕು ಎಂಬ ಚಿಕ್ಕ ಫಿಲ್ಮು. ಅದಕ್ಕೊಬ್ಬಳು ಅಜ್ಜಿ ಬೇಕು. ಒಪ್ಪಿಗೆಯಾದರೆ ಮುಂದೆ ಇಡೀ ಸಂಸಾರವನ್ನೇ ನಮ್ಮಿಂದ ಮಾಡಿಸುತ್ತಾರೆ. ಒಪ್ಪಿಗೆಯಾಗದಿದ್ದರೆ ಮೇಷ್ಟ್ರಿಗೆ ಸಿಮೆಂಟ್ ಅಂಗಡಿ, ನಮಗೆ ಮನೆ.

ಅಜ್ಜಿ ಯಾರು ಎಂಬ ಬಗ್ಗೆ ಮೇಷ್ಟ್ರಿಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ. ಬುಕ್ಕಾಂಬುಧಿಯಲ್ಲಿ ಅವರ ಅಕ್ಕ ಇದ್ದರು. ಒಳ್ಳೆಯ ಸುಕ್ಕು, ಒಳ್ಳೆಯ ಮಂಡಿನೋವು. ನಾವು ಮೂವರೂ ಹೋದೆವು. ಬೊಂಬೆ ಮಾಡುವಾಗ ಕೈಗಳು ಮೈಗೆ ಅಂಟಿಕೊಳ್ಳದ ಹಾಗೆ ಎರಡೂ ಕಡೆ ಚಾಚಿ ನಿಲ್ಲಿಸಿ ಸುತ್ತಲೂ ಫೋಟೋ ಹಿಡಿಯಬೇಕು. ಅಕ್ಕನನ್ನು ಅಂಗಳದಲ್ಲಿ ಹಾಗೆ ನಿಲ್ಲಿಸಿದರು. ಪಟ್ಟಣ ಫೋನು ಹಿಡಿದು ಪ್ರದಕ್ಷಿಣೆ ಹಾಕತೊಡಗಿದ.

"ಬೆರ್ಚಪ್ಪನ ಥರ ನಿಲ್ಸಿದೀಯಲ್ಲೋ ನನ್ನ" ಎಂದರು ಅಕ್ಕ. "ನೋವು ಇರೋದು ಮಂಡೀಲಿ. ನೀನು ರೆಕ್ಕೆ ನೋಡ್ತಾ ಇದೀಯ."

"ಸುಮ್ನಿರಕ್ಕ, ಅಲ್ಲಾಡ್ಬೇಡ."

ಬೇಲಿಯಾಚೆಯ ಹೆಂಗಸು ಇಣುಕಿ, "ಏನಜ್ಜಿ, ಹೊಲದ ಕಾಗೆ ಬಿಟ್ಟು ಮನೆ ಕಾಗೆ ಓಡಿಸ್ತಿದೀಯಾ?" ಎಂದಳು. ಅಕ್ಕನಿಗೆ ನಗು ಬಂದು ಕೈ ಇಳಿಯಿತು. ಪ್ರದಕ್ಷಿಣೆ ಮೊದಲಿನಿಂದ ಶುರುವಾಯಿತು. ಕೊನೆಗೆ ಅಕ್ಕ ಒಂದೇ ಒಂದು ಕೋರಿಕೆ ಇಟ್ಟರು: "ಸುಕ್ಕು ಒಂಚೂರು ಕಮ್ಮಿ ಹಾಕೋ."

"ಅದೇ ಕಣಕ್ಕ ಆಸ್ತಿ" ಎಂದರು ತಮ್ಮ.

"ಹಂಗಾದ್ರೆ ಭಾಗ ಮಾಡ್ಕ, ಅರ್ಧ ನಿಂಗೇ ಇರ್ಲಿ."

ಮುಖವೇನೋ ಸಿಕ್ಕಿತು. ನಡೆ ಸಿಗಲಿಲ್ಲ. ನೆಲದಲ್ಲಿ ಕೂತು ಏಳುವುದನ್ನು ಮತ್ತೆ ಮತ್ತೆ ಮಾಡಿ ತೋರಿಸಕ್ಕ ಎಂದರೆ, "ನೋವು ಅಂದ್ರೆ ನಾಟಕ ಅನ್ಕಂಡಿದೀಯೇನೋ?" ಎಂದು ಒಳಗೆ ಹೋಗಿಬಿಟ್ಟರು. ಹಾಗಾಗಿ ಅಕ್ಕನ ಪಾತ್ರವನ್ನು ತಮ್ಮನೇ ಮಾಡಬೇಕಾಯಿತು. ಕಡೂರಿನ ಕೋಣೆಯಲ್ಲಿ ಟವೆಲನ್ನು ತಲೆಗೆ ಸೆರಗಿನಂತೆ ಹೊದ್ದು, ತಟ್ಟೆಯಲ್ಲಿ ಮುದ್ದೆ ಸಾರು ಹಾಕಿಕೊಂಡು, ಗೋಡೆ ಹಿಡಿದು ಕೂತು, ಉಂಡು, ಮಂಡಿಯ ಮೇಲೆ ಕೈ ಊರಿ, "ಶಿವಾ" ಎಂದು ಎದ್ದರು. ಪಟ್ಟಣ ಫೋನಿನಲ್ಲಿ ಹಿಡಿದುಕೊಂಡ. ಏನೋ ಮಾತಾಡಲೆಂದು ಅದೇ ಹೊತ್ತಿಗೆ ಮೇಲೆ ಬಂದ ಗೊಬ್ಬರದಂಗಡಿಯ ಸಾಹುಕಾರರು, ನಿವೃತ್ತ ಮೇಷ್ಟ್ರೊಬ್ಬರು ಸೆರಗು ಹೊದ್ದು ನರಳುತ್ತಾ ಏಳುವುದನ್ನು ಬಾಗಿಲಲ್ಲೇ ನಿಂತು ನೋಡಿದರು. "ಆಮೇಲೆ ಬತ್ತೀನಿ ಮೇಷ್ಟ್ರೇ" ಎಂದು ಇಳಿದು ಹೋದವರು ಎಷ್ಟೋ ದಿನ ಮೆಟ್ಟಿಲು ಹತ್ತಲಿಲ್ಲ.

ಆ ವಿಡಿಯೋ ಪಕ್ಕದಲ್ಲಿಟ್ಟುಕೊಂಡು ನಾವು ಬೊಂಬೆಗೆ ಅದೇ ನಡೆ ಕಲಿಸಿದೆವು. ಮಂಡಿಯ ಚರ್ಮ ನನ್ನ ಪಾಲು. ಕಣ್ಣೂ ನನ್ನದೇ. ಸತ್ತ ಮೀನಿನ ಕಣ್ಣಾಗಬಾರದೆಂದು ರೆಪ್ಪೆಯಂಚಿಗೆ ಒಂದೆಳೆ ತೇವ ಕೊಟ್ಟೆ. ಕೂರುವ ಮುಂಚೆ ಅಜ್ಜಿ ನೆಲ ಎಷ್ಟು ದೂರವಿದೆ ಎಂದು ಒಂದು ಸಲ ನೋಡಿಕೊಳ್ಳುವಂತೆ ಮಾಡಿದೆ. ಅದನ್ನು ನೋಡಿ ಮೇಷ್ಟ್ರು, "ಹ್ಞೂಂ" ಎಂದರು. ಅವರ ಬಾಯಲ್ಲಿ ಅದು ಡಿಸ್ಟಿಂಕ್ಷನ್.

ಕಂಪನಿಯ ಮೇಡಂ ಫೋನು ಮಾಡಿದರು. ಚಿಕ್ಕ ವಯಸ್ಸಿನವರು, ಮಾತು ಬಹಳ ಮೃದು. "ಸರ್, ತುಂಬಾ ಚೆನ್ನಾಗಿದೆ. ಆದ್ರೆ ಅಜ್ಜಿ ಇನ್ನೂ ಸ್ವಲ್ಪ ಕ್ಯೂಟ್ ಆಗಿರ್ಲಿ. ಸ್ಕಿನ್ ಸ್ಮೂತ್ ಮಾಡಿ. ಮತ್ತೆ, ಊಟಕ್ಕೆ ಕುರ್ಚಿ ಮೇಲೆ ಕೂರಿಸಿಬಿಡಿ."

"ನಮ್ಮ ಕಡೆ ಅಜ್ಜಿ ಕುರ್ಚಿ ಮೇಲೆ ಕೂತವ್ಳೆ ಅಂದ್ರೆ ಫೋಟೋ ಹಿಡೀತಾವ್ರೆ ಅಂತ ಅರ್ಥ ಕಣ್ರಮ್ಮ, ಊಟ ಮಾಡ್ತಾವ್ಳೆ ಅಂತಲ್ಲ" ಎಂದರು ಮೇಷ್ಟ್ರು. ಮೇಡಂ ಪಟ್ಟು ಬಿಡಲಿಲ್ಲ. ಇವರೂ ಬಿಡಲಿಲ್ಲ. ಕೊನೆಗೆ ಮೇಷ್ಟ್ರು ಕೊರಳಿಗೆ ತಾವೇ ಹಗ್ಗ ಹಾಕಿಕೊಂಡರು: "ಊರಲ್ಲಿ ಒಂದ್ಸಲ ತೋರ್ಸಣ, ಬನ್ನಿ. ಇದು ನಮ್ಮೋಳಲ್ಲ ಅಂತ ಹೆಂಗಸರು ಅಂದ್ರೆ ಆರ್ಡರ್ ವಾಪಸ್ ತಗಳಿ."

ಪಟ್ಟಣ ಮೆಲ್ಲಗೆ, "ಸಿಮೆಂಟ್ ಅಂಗಡೀಲಿ ನಮಗೂ ಏನಾದ್ರೂ ಕೆಲಸ ಸಿಗ್ತದಾ ಕೇಳು" ಎಂದ.

ಅಜ್ಜಂಪುರದಿಂದ ಪ್ರೊಜೆಕ್ಟರು ತಂದು, ಬುಕ್ಕಾಂಬುಧಿಯ ಸಮುದಾಯ ಭವನದ ಗೋಡೆಗೆ ಬಿಳಿ ಪಂಚೆ ಕಟ್ಟಿದೆವು. ಮೇಡಂ ಬೆಂಗಳೂರಿನಿಂದ ಬಂದು ಮೂಲೆಯ ಕುರ್ಚಿಯಲ್ಲಿ ಕೂತರು. ಊರಿನ ಹೆಂಗಸರು ಎಲೆ ಅಡಿಕೆ ಚೀಲದ ಸಮೇತ ಬಂದು ನೆಲದ ಮೇಲೆ ಕೂತರು. ಕೂರುವಾಗ ಮುಕ್ಕಾಲು ಜನ ಮಂಡಿಯ ಮೇಲೆ ಕೈ ಊರಿ "ಶಿವಾ" ಎಂದರು. ಮೇಷ್ಟ್ರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಹಣೆಯ ಮೇಲೆ ಮಾತ್ರ ಬೆವರು ಕಟ್ಟಿತ್ತು.

ಪಂಚೆಯ ಮೇಲೆ ಅಜ್ಜಿ ಬಂದಳು. ತಟ್ಟೆ ಹಿಡಿದು ಬಂದು, ಕಂಬಕ್ಕೆ ಕೈ ಕೊಟ್ಟು, ನೆಲ ಎಷ್ಟು ದೂರವಿದೆ ಎಂದು ನೋಡಿಕೊಂಡು, ನಿಧಾನವಾಗಿ ಬಗ್ಗಿದಳು. ಆಗ ಮುಂದಿನ ಸಾಲಿನಲ್ಲಿದ್ದ ಮುದುಕಿಯೊಬ್ಬರು, ಪಕ್ಕದವರಿಗೆ ಹೇಳುವ ಹಾಗೆ, ಗಟ್ಟಿಯಾಗಿ ಹೇಳಿದರು: "ಹುಷಾರು ಕಣವ್ವ. ನಿಧಾನ, ನಿಧಾನ."

ಮೇಷ್ಟ್ರು ನನ್ನ ತೋಳನ್ನು ಹಿಡಿದುಕೊಂಡರು. ಆ ಹಿಡಿತದ ನೋವು ಎರಡು ದಿನ ಇತ್ತು. ಗೆರೆ, ಮೂಳೆ, ಬಣ್ಣ ಎಂದು ನಾವು ತಿಂಗಳುಗಟ್ಟಲೆ ಹೆಣಗಿದ್ದ ಒಂದು ನೆರಳಿಗೆ ಬಿದ್ದುಬಿಟ್ಟೀಯ ಎಂದು ಹೇಳುವವರು ಸಿಕ್ಕಿದ್ದರು.

ಆ ಸುಖ ಒಂದು ತುತ್ತಿನಷ್ಟು ಹೊತ್ತು. ಅಜ್ಜಿ ಕೂತಳು, ಮುದ್ದೆ ಮುರಿದಳು, ಸಾರಿನಲ್ಲಿ ಅದ್ದಿದಳು, ಬಾಯಿಗಿಟ್ಟಳು. ಹೆಂಗಸರ ಮಧ್ಯದಿಂದ ಒಂದು ದನಿ ಎದ್ದಿತು:

"ಅಯ್ಯೋ, ಎಡಗೈಲಿ ಉಣ್ತಾವ್ಳಲ್ಲೇ!"

ಎಲೆ ಅಡಿಕೆ ಬಾಯಲ್ಲಿದ್ದವರೆಲ್ಲ ಸೆರಗು ಅಡ್ಡ ಹಿಡಿದು ನಕ್ಕರು. ನಾನು ಪಟ್ಟಣನನ್ನು ನೋಡಿದೆ, ಪಟ್ಟಣ ನನ್ನನ್ನು ನೋಡಿದ. ಆ ತುತ್ತನ್ನು ನಾವಿಬ್ಬರೂ ಅದೆಷ್ಟು ಸಲ ತಿರುಗಿಸಿ ಮುರುಗಿಸಿ ನೋಡಿದ್ದೆವೋ ಲೆಕ್ಕವಿಲ್ಲ. ಬೆರಳಿನ ಸಂದಿಯಲ್ಲಿ ಸಾರು ಎಷ್ಟು ನಿಲ್ಲಬೇಕು ಎಂದು ಜಗಳವಾಡಿದ್ದೆವು. ಯಾವ ಕೈ ಎಂದು ಮಾತ್ರ ನೋಡಿರಲಿಲ್ಲ. ದಿನಾ ನಮ್ಮೆದುರು ಊಟಕ್ಕೆ ಕೂರುತ್ತಿದ್ದ ಕೈಯೇ ಅದು. ಬೆಂಗಳೂರಿನಲ್ಲೂ ಯಾರೂ ಗಮನಿಸಿರಲಿಲ್ಲ, ಅವರೆಲ್ಲ ಸುಕ್ಕು ನೋಡುವುದರಲ್ಲಿದ್ದರು. ಮೇಷ್ಟ್ರು ತಮ್ಮ ಎಡಗೈಯನ್ನು ಎತ್ತಿ, ಯಾರದೋ ಕೈ ತಂದು ಜೋಡಿಸಿದ್ದಾರೇನೋ ಎಂಬಂತೆ ನೋಡುತ್ತಿದ್ದರು.

ಹಿಂದಿನ ಸಾಲಿನಿಂದ ಅಕ್ಕ ಎದ್ದು ನಿಂತರು. "ಅದು ನಾನಲ್ಲ ಕಣ್ರೇ! ಮಕ ಅಷ್ಟೇ ನಂದು. ಉಣ್ತಿರೋನು ಅವ್ನು!" ಎಂದು ತಮ್ಮನ ಕಡೆ ಬೆರಳು ಮಾಡಿದರು. "ಸಣ್ಣೋನಿದ್ದಾಗ್ಲೂ ಹಿಂಗೇ. ಅವ್ವಾ, ಎಡಗೈ ಹಾಕ್ದ ಅಂತ ನಾನು ಕೂಗ್ತಿದ್ದೆ, ಅವ್ವ ಸೌಟು ತಿರುಗ್ಸಿ ಬಾರಿಸ್ತಿದ್ಲು. ಇಷ್ಟು ವಯಸ್ಸಾದ್ಮೇಲೆ ನನ್ನ ಮಕ ಹಾಕ್ಕಂಡು ಕದ್ದು ಉಣ್ತಾವ್ನೆ ನೋಡ್ರೇ!"

ಇನ್ನೊಂದು ಸಲ ನಗು. ಈ ಸಲ ಮೇಡಂ ಕೂಡ ನಕ್ಕುಬಿಟ್ಟರು. ಫಿಲ್ಮು ಮುಗಿದ ಮೇಲೆ ಮೇಷ್ಟ್ರು ಅವರ ಮುಂದೆ ಹೋಗಿ, ಹೋಂವರ್ಕ್ ಮಾಡದ ಹುಡುಗನ ಹಾಗೆ ನಿಂತರು. "ಆಯ್ತು ಕಣ್ರಮ್ಮ. ಮಾತು ಅಂದ್ರೆ ಮಾತು. ವಾಪಸ್ ತಗಳಿ."

"ಯಾಕೆ ಸರ್?" ಎಂದರು ಮೇಡಂ. "ಆ ಅಜ್ಜಿ ಹುಷಾರು ಅಂದಿದ್ದು ನನಗೂ ಕೇಳಿಸ್ತು. ಕೈಯೊಂದು ಸರಿಮಾಡಿ. ಸುಕ್ಕು ಹಾಗೇ ಇರ್ಲಿ. ನೆಲದ ಮೇಲೇ ಕೂತಿರ್ಲಿ."

ಆ ಯುಗಾದಿಗೆ ಮೇಷ್ಟ್ರು ಸಿಮೆಂಟ್ ಅಂಗಡಿಗೆ ಹೋಗಲಿಲ್ಲ.

ಕೈ ಸರಿಮಾಡುವುದೇನೂ ಸುಲಭವಾಗಲಿಲ್ಲ. ಇಡೀ ಚಿತ್ರವನ್ನೇ ಅದಲುಬದಲು ಮಾಡಿಬಿಡೋಣ, ಒಂದು ಗುಂಡಿ ಒತ್ತಿದರೆ ಸಾಕು ಎಂದ ಪಟ್ಟಣ. ಒತ್ತಿ, ಅಕ್ಕನಿಗೆ ಫೋನಿನಲ್ಲಿ ಕಳಿಸಿದರೆ, "ನನ್ನ ಮೂಗುಬೊಟ್ಟು ಆ ಕಡೆಗೆ ಯಾವಾಗ ಹೋಯ್ತೋ?" ಎಂದು ಬೈದರು. ಸೆರಗೂ ಹೆಗಲು ಬದಲಿಸಿತ್ತು. ಕೊನೆಗೆ ಮೇಷ್ಟ್ರು ಮತ್ತೆ ಟವೆಲು ಹೊದ್ದು ಬಲಗೈಯಲ್ಲಿ ಉಂಡು ತೋರಿಸಿದರು. ನಾವು ಹಾಗೆಯೇ ಮಾಡಿದೆವು. ಆಸ್ಪತ್ರೆಗಳಿಗೆ ಹೋದದ್ದು ಅದೇ. ಅದರಲ್ಲೂ ತಪ್ಪೇನಿಲ್ಲ, ಆದರೆ ಮೇಷ್ಟ್ರು ಅದನ್ನು ನೋಡಿದಾಗೆಲ್ಲ ತಲೆಯಾಡಿಸುತ್ತಿದ್ದರು. "ಬೀಗರ ಮನೇಲಿ ಉಣ್ಣೋ ಹಂಗೆ ಉಣ್ತಾವ್ಳೆ. ಹೊಟ್ಟೆ ತುಂಬಲ್ಲ ಇವ್ಳಿಗೆ."

ಆಮೇಲೆ ನಾವು ಅಜ್ಜಿಗೊಬ್ಬ ಅಜ್ಜ, ಮಗಳು, ಮೊಮ್ಮಕ್ಕಳನ್ನು ಮಾಡಿದೆವು. ಎಲ್ಲರೂ ಪಂಕ್ತಿಯಲ್ಲಿ ಕೂತು ಪಾಸಾದವರೇ. ಪ್ರತಿಯೊಬ್ಬರನ್ನು ಕೂರಿಸುವಾಗಲೂ ಮೇಷ್ಟ್ರು ಪರದೆಗೆ ಮೂಗು ಹಚ್ಚಿ, "ಕೈ ನೋಡಮ್ಮಾ ದೇವನೂರು, ಕೈ ನೋಡು" ಎನ್ನುತ್ತಿದ್ದರು. ಬಾಗಿಲು ಹಾಕಿ ಊಟಕ್ಕೆ ಕೂತಾಗ ಮಾತ್ರ ಅವರ ಎಡಗೈ ಮೊದಲಿನ ಹಾಗೇ ಇತ್ತು. ಅಷ್ಟು ಜನರೆದುರು ಮಾನ ಹೋದ ಮೇಲೂ ಅದು ತಿದ್ದಿಕೊಳ್ಳಲಿಲ್ಲ ಎಂದು ನನಗೆ ಒಳಗೊಳಗೇ ಖುಷಿ.

ಹೋದ ತಿಂಗಳು ಮೇಷ್ಟ್ರು ತೀರಿಕೊಂಡರು. ಅವತ್ತು ಮನೆಯಲ್ಲೇ ಇದ್ದರು. ಮಧ್ಯಾಹ್ನ ಊಟ ಮಾಡಿ, ಗೋಡೆಗೊರಗಿ ಕೂತವರು ಏಳಲಿಲ್ಲ. ಸುದ್ದಿ ಬಂದಾಗ ನಾನು ಅವರದೇ ಕಂಪ್ಯೂಟರಿನ ಮುಂದಿದ್ದೆ. ಅಷ್ಟು ಅತ್ತದ್ದು ನನ್ನ ಮನೆಯವರಿಗೂ ಆಶ್ಚರ್ಯ. ಅವರ ಬೈಗುಳವಿಲ್ಲದೆ ಒಂದು ಮಂಡಿಯನ್ನು ಮಾಡುವುದು ಹೇಗೆ ಎಂದು ನನಗೆ ಇನ್ನೂ ಗೊತ್ತಾಗಿಲ್ಲ.

ಶಿವಗಣಾರಾಧನೆ ಬುಕ್ಕಾಂಬುಧಿಯ ಅದೇ ಸಮುದಾಯ ಭವನದಲ್ಲಿ. ಬಾಗಿಲಲ್ಲಿ ಅವರ ದೊಡ್ಡ ಫ್ಲೆಕ್ಸು. ಫ್ಲೆಕ್ಸಿನವನು ಪ್ರೀತಿಯಿಂದಲೇ ಇರಬೇಕು, ಸುಕ್ಕೆಲ್ಲ ಒರೆಸಿ, ಎರಡೂ ಹುಬ್ಬು ಸಮ ಮಾಡಿ, ಮೈಗೆ ಎಣ್ಣೆ ಸ್ನಾನದ ಹೊಳಪು ಕೊಟ್ಟಿದ್ದ. ಮೇಷ್ಟ್ರ ಹೆಂಡತಿ ನನ್ನ ಪಕ್ಕ ನಿಂತು ಸ್ವಲ್ಪ ಹೊತ್ತು ನೋಡಿ, "ಇವ್ರು ಯಾರೋ ಗೊತ್ತಿಲ್ಲ ಕಣಮ್ಮ. ನೋಡಕ್ಕೆ ಪರವಾಗಿಲ್ಲ" ಎಂದರು. ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. ಪಟ್ಟಣ, "ಊಟಕ್ಕೆ ಕೂರ್ಸಿದ್ರೆ ಫೇಲ್ ಆಗ್ತಾರೆ" ಎಂದ.

ಊಟವಾಗಿ ಕೈ ತೊಳೆದು ಬಂದ ಮೇಲೆ ಅಕ್ಕ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. "ಮಗಾ, ಆ ಪಿಚ್ಚರು ಫೋನಲ್ಲಿ ಐತೇನವ್ವ?"

ತೆಗೆದು ಕೊಟ್ಟೆ. ಒಂದು ಗಳಿಗೆ ನೋಡಿ ಫೋನನ್ನು ಹಿಂದಕ್ಕೆ ಚಾಚಿದರು. "ಇದು ತಿದ್ದಿದ್ದು. ಇದು ಬ್ಯಾಡ. ಮೊದಲ್ನೇದು ಹಾಕು."

ಮೊದಲನೆಯದನ್ನು ನಾನು ಅಳಿಸಿರಲಿಲ್ಲ. ಹುಡುಕಿ ಹಾಕಿದೆ. ಅಜ್ಜಿ ತಟ್ಟೆ ಹಿಡಿದು ಬಂದಳು, ಕಂಬಕ್ಕೆ ಕೈ ಕೊಟ್ಟಳು, ನೆಲ ಎಷ್ಟು ದೂರವಿದೆ ಎಂದು ನೋಡಿಕೊಂಡಳು, ಕೂತಳು. ಎಡಗೈಯಲ್ಲಿ ಮುದ್ದೆ ಮುರಿದು ಸಾರಿಗೆ ಅದ್ದಿದಳು. ಅಕ್ಕ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಮುಖದ ಹತ್ತಿರ ತಂದರು. ಪರದೆಯ ಮೇಲಿದ್ದದ್ದು ಅವರದೇ ಮುಖ, ಅವರದೇ ಸುಕ್ಕು, ಅವರದೇ ಮೂಗುಬೊಟ್ಟು. ಅದರ ಕಡೆ ಬಗ್ಗಿ, ಆಚೆ ಕೂತವರಿಗೂ ಕೇಳಬಾರದು ಎನ್ನುವಷ್ಟು ಮೆಲ್ಲಗೆ ಹೇಳಿದರು:

"ಉಣ್ಣು ಕಣೋ. ನಾನು ಅವ್ವಂಗೆ ಹೇಳಲ್ಲ."